ಸುಟ್ಟ ಕೊಬ್ಬರಿಯ ಪ್ರಬಂಧ

ಮೊಮ್ಮಕ್ಕಳೇ, ಟ್ರಂಕಿನ ತಳದಲ್ಲಿದ್ದ ಕಾರ್ಡು ಮೊನ್ನೆ ನಿಮ್ಮ ಕೈಗೆ ಸಿಕ್ಕಿತು. ತೆಂಗಿನ ಮರದ ಸ್ಟ್ಯಾಂಪು ನೋಡಿ "ಆಯೀ, ಇದು ಯಾವ ದೇಶದ್ದು? ನಿನಗ ಯಾರು ಬರದಿದ್ರು?" ಎಂದು ಕೇಳಿದಿರಿ. ನಾನು ಉತ್ತರ ಕೊಡದೆ ಒಳಗೆ ಎದ್ದು ಹೋದೆ. ಅದು ನನಗೆ ಬರೆದ ಕಾರ್ಡಲ್ಲ. ನಾನು ಕೆಲಸ ಮಾಡುತ್ತಿದ್ದ ಆಫೀಸಿನ ಡಾಕ್ಟರ್ ಸಾಹೇಬರಿಗೆ ಬಂದದ್ದು. ಅದನ್ನು ನಾನು ಬಚ್ಚಿಟ್ಟೆ. ಎದುರಿಗೆ ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ, ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಪ್ಪ, ಅತ್ತೆ ಇಬ್ಬರೂ ಸಾಲಿಗೆ ಹೋಗುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದು ಸ್ವಲ್ಪ ದಿನವಾಗಿದ್ದ ಕಾಲ. ನಾನು ಹಳ್ಳಿಯ ಸಾಲಿಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು, ಅಕ್ಷರ ದುಂಡಗೆ ಬರುತ್ತಿತ್ತು. ಅಷ್ಟನ್ನೇ ನೋಡಿ ಡಾಕ್ಟರ್ ಸಾಹೇಬರು ನನ್ನನ್ನು ತೆಗೆದುಕೊಂಡರು. ಅವರು ಮೈಸೂರು ಕಡೆಯವರು. ಹಸುಗೂಸುಗಳ ಧನುರ್ವಾಯುವಿನ ಬಗ್ಗೆ ಅಭ್ಯಾಸ ಮಾಡಲು ಬಾಗಲಕೋಟೆಗೆ ಬಂದಿದ್ದರು. ಆಗ ಬಾಗಲಕೋಟೆ ಎಂದರೆ ಹಳೇ ಊರೇ. ನಮ್ಮ ಆಫೀಸಿದ್ದ ಓಣಿ ಈಗ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ.

ಆ ರೋಗ ಹೀಗೆ ಬರುತ್ತದೆ. ಕೂಸು ಹುಟ್ಟಿದಾಗ ಚೆನ್ನಾಗಿಯೇ ಅಳುತ್ತದೆ, ಮೊಲೆ ಕುಡಿಯುತ್ತದೆ. ಹೊಕ್ಕುಳ ಬಳ್ಳಿ ಕೊಯ್ದ ಕಡೆಯಿಂದ ನಂಜು ಒಳಗೆ ಸೇರಿದ್ದರೆ ನಾಲ್ಕೈದು ದಿನದ ಮೇಲೆ ಬಾಯಿ ಬಿಗಿಯುತ್ತದೆ, ಮೊಲೆ ಬಿಡುತ್ತದೆ, ಮೈ ಬಿಲ್ಲಿನಂತೆ ಸೆಟೆಯುತ್ತದೆ. ಹೆಚ್ಚಿನವು ಎಂಟು ಹತ್ತು ದಿನದಲ್ಲಿ ಹೋಗಿಬಿಡುತ್ತವೆ. ಬಸುರಿಯರಿಗೆ ಇಂಜೆಕ್ಷನ್ ಕೊಟ್ಟರೆ, ಬಳ್ಳಿಯನ್ನು ಸ್ವಚ್ಛ ಬ್ಲೇಡಿನಿಂದ ಕೊಯ್ದರೆ ಇದನ್ನು ತಡೆಯಬಹುದು. ಮೊದಲು ಎಲ್ಲಿ ಎಷ್ಟು ಕೂಸು ಸಾಯುತ್ತವೆ ಎಂದು ಗೊತ್ತಾಗಬೇಕು. ಅದನ್ನು ಮನೆ ಮನೆಗೆ ಹೋಗಿ ಬರೆದುಕೊಂಡು ಬರುವುದೇ ನಮ್ಮ ಕೆಲಸ.

ನಾವು ಇಬ್ಬರಿದ್ದೆವು. ನನ್ನ ಜೊತೆಗಾತಿ ನನಗಿಂತ ಚಿಕ್ಕವಳು, ಬಾಯಿ ಜೋರು, ಗಂಡ ಬಸ್ ಡಿಪೋದಲ್ಲಿದ್ದ. ಅವಳಿಗೆ ಬಾದಾಮಿ ತಾಲೂಕಿನ ಊರುಗಳು, ಮಹಾಕೂಟದ ಸುತ್ತಲಿನವು. ನನಗೆ ಹುನಗುಂದ ತಾಲೂಕಿನವು, ಇಳಕಲ್ ಕಡೆಗೆ ಹೋಗುವ ದಾರಿಯವು. ಪ್ರತಿ ಮನೆಯ ಗೋಡೆಗೆ ಕೆಂಪು ಮಣ್ಣಿನಿಂದ ನಂಬರು ಬರೆದು, ಫಾರ್ಮು ತುಂಬಬೇಕು. ಈ ವರ್ಷ ಯಾರು ಹಡೆದರು, ಕೂಸು ಇದೆಯೋ ಇಲ್ಲವೋ, ಹೋಗಿದ್ದರೆ ಎಷ್ಟನೆಯ ದಿನ, ಮೊದಲು ಮೊಲೆ ಕುಡಿದು ಆಮೇಲೆ ಬಿಟ್ಟಿತೋ, ಬಳ್ಳಿಗೆ ಏನು ಹಚ್ಚಿದರು. ಸಾಹೇಬರ ನಿಯಮ ಒಂದೇ. "ಅವರು ಹೇಳಿದ್ದನ್ನು ಮಾತ್ರ ಬರೆಯಿರಿ. ನಿಮ್ಮ ಊಹೆ ಒಂದಕ್ಷರವೂ ಬೇಡ."

ನಾನು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ತಪ್ಪು ಅಲ್ಲಿಂದಲೇ ಆಯಿತು.

ಮೊದಲ ವಾರವೇ ಒಂದು ಮನೆಯ ಮುಂದೆ ನಿಂತೆ. ಬಾಗಿಲಿಗೆ ಹಸಿ ಬೇವಿನ ತೊಪ್ಪಲು ಕಟ್ಟಿದ್ದರು. ಬಚ್ಚಲಿನಿಂದ ಹಳದಿ ನೀರು ಹರಿದು ಬರುತ್ತಿತ್ತು. ಅಜವಾನದ ಹೊಗೆ ಓಣಿಗೆಲ್ಲ ಘಮ್ ಎನ್ನುತ್ತಿತ್ತು. ಹಡೆದ ಹೆಣ್ಣುಮಗಳಿಗೆಲ್ಲ ಗೊತ್ತು ಅದು ಬಾಣಂತಿಯ ಮನೆಯೆಂದು.

"ಈ ವರ್ಷ ಮನ್ಯಾಗ ಯಾರರ ಹಡದಾರೇನ್ರಿ?" ಎಂದೆ.

ಅತ್ತೆಯಂತೆ ಕಂಡ ಹೆಂಗಸು ಹೊಸ್ತಿಲ ಮೇಲೆ ಅಡ್ಡ ನಿಂತಳು. ನನ್ನ ಹಣೆ ನೋಡಿದಳು, ಕೈ ನೋಡಿದಳು. ಹಣೆಯಲ್ಲಿ ವಿಭೂತಿ ಮಾತ್ರ, ಕೈ ಬರಿದು.

"ಇಲ್ಲವಾ. ನಮ್ಮನ್ಯಾಗ ಯಾರೂ ಹಡದಿಲ್ಲ."

"ಬಾಗಲಕ್ಕ ಬೇವಿನ ತೊಪ್ಪಲ ಕಟ್ಟೀರಲ್ರಿ?"

"ದನಕ್ಕ ಬ್ಯಾನಿ ಬಂದಿತ್ತು, ಕಟ್ಟೇವಿ. ಮುಂದಿನ ಮನೀಗೆ ಹೋಗ ನಮ್ಮವ್ವಾ."

ಅಂಗಳದಲ್ಲಿ ದನವಿರಲಿ, ಗೂಟ ಕೂಡ ಇರಲಿಲ್ಲ. ನಾನು "ಇಲ್ಲ" ಎಂದು ಬರೆದುಕೊಂಡು ಮುಂದೆ ನಡೆದೆ. ಮನೆಯ ರೂಢಿಯ ಮಾತು ಕೇಳಿದರೆ ಮಾತ್ರ ಯಾರೂ ಬಚ್ಚಿಡುತ್ತಿರಲಿಲ್ಲ. ಬಳ್ಳಿಗೆ ಏನು ಹಚ್ಚುತ್ತೀರಿ ಎಂದರೆ "ಸುಟ್ಟ ಕೊಬ್ಬರಿ, ಮತ್ತೇನ್ ಹಚ್ಚೂದು?" ಎನ್ನುತ್ತಿದ್ದರು. ಬಾದಾಮಿ ಕಡೆ ಸಗಣಿಯ ಬೂದಿ ಹಚ್ಚುವುದು ಹೆಚ್ಚು, ನಮ್ಮ ಕಡೆ ಒಣಕೊಬ್ಬರಿ ಸುಟ್ಟು ಅರೆದ ಕರಿ.

ಜೊತೆಗಾತಿ ಸಂಜೆ ಆಫೀಸಿಗೆ ಬರುವಾಗ ದಿನವೂ ಉಡಿ ತುಂಬಿಸಿಕೊಂಡು ಬರುತ್ತಿದ್ದಳು. ಅಕ್ಕಿ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು. ಹಣೆಯ ತುಂಬ ಯಾರೋ ಹಚ್ಚಿದ ಕುಂಕುಮ. ಆಫೀಸಿನ ಟೈಪಿಸ್ಟ್ ಚಾಷ್ಟಿ ಮಾಡುತ್ತಿದ್ದ.

"ಏನ್ ಬಾಯಾರ, ನೀವು ಲೆಕ್ಕಾ ಬರ್ಯಾಕ ಹೋಗ್ತೀರೋ, ಬೀಗರ ಮನೀಗೆ ಹೋಗ್ತೀರೋ?"

"ಕೂಸು ತೋರಸ್ತಾರ, ಉಡಿ ತುಂಬತಾರ. ನಾ ಬ್ಯಾಡ ಅನ್ಲೇನ? ನಿಮಗ್ಯಾಕ ಹೊಟ್ಟಿ ಉರಿ?" ಎಂದು ಅವಳು ಕೊಬ್ಬರಿ ಬಟ್ಟಲು ಅವನ ಮೇಜಿನ ಮೇಲೆ ಒಡೆಯುತ್ತಿದ್ದಳು.

ನನ್ನ ಉಡಿಯನ್ನು ಯಾರೂ ತುಂಬಲಿಲ್ಲ. ಅದಕ್ಕೂ ನನ್ನ ಫಾರ್ಮಿನ "ಇಲ್ಲ"ಗಳಿಗೂ ಸಂಬಂಧವಿದೆ ಎಂದು ಆಗ ನನಗೆ ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಹೇಳಲು ನಾಚಿಕೆಯಾಯಿತು. ಹೇಳಿದರೆ ಕೆಲಸ ಹೋಗುತ್ತದೆಂಬ ಅಂಜಿಕೆಯೂ ಇತ್ತು.

ಒಂದು ವರ್ಷ ಹೀಗೆ ನಡೆಯಿತು. ಸಾಹೇಬರು ಫಾರ್ಮುಗಳನ್ನೆಲ್ಲ ಕೂಡಿಸಿ ಪ್ರಬಂಧ ಬರೆದರು. ಅದು ಡಾಕ್ಟರರು ಓದುವ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬಿಡಿ ಪ್ರತಿಗಳ ಕಟ್ಟು ಅಂಚೆಯಲ್ಲಿ ಬಂದ ದಿನ ಅವರು ಎಲ್ಲರಿಗೂ ಪೇಡೆ ಹಂಚಿದರು. ಇಂಗ್ಲಿಷಿನಲ್ಲಿ ಏನಿದೆ ಎಂದು ನಾನು ಟೈಪಿಸ್ಟನನ್ನು ಕೇಳಿದೆ.

"ಸರಳ ಐತ್ರಿ ಬಾಯಾರ. ಬಾದಾಮಿ ಕಡೆ ಕೂಸು ಭಾಳ ಸಾಯ್ತಾವ. ಹುನಗುಂದ ಕಡೆ ಸಾಯೂದ ಇಲ್ಲ ಅನ್ನೂವಷ್ಟು ಕಡಿಮಿ. ಯಾಕ? ಸುಟ್ಟ ಕೊಬ್ಬರಿ! ನಿಮ್ಮ ಕಡೆ ಮುದುಕ್ಯಾರು ಡಾಕ್ಟರ್‌ಗಿಂತ ಶಾಣ್ಯಾರು ಅಂತ ಈಗ ಜಗತ್ತಿಗೆಲ್ಲ ಗೊತ್ತಾತು ನೋಡ್ರಿ."

ಪೇಡೆ ನನ್ನ ಬಾಯಲ್ಲಿತ್ತು. ನುಂಗಲಿಲ್ಲ, ಹೊರಗೆ ಹೋಗಿ ಉಗುಳಿ ಬಂದೆ. ಸುಟ್ಟ ಕೊಬ್ಬರಿ ಹಚ್ಚಿಯೂ ಎಂಟನೆಯ ದಿನ ಹೋದ ಒಂದು ಕೂಸು ನನಗೆ ಗೊತ್ತಿತ್ತು.

ಆಮೇಲೆ ನನಗೆ ಊರು ತಿರುಗುವ ಕೆಲಸ ಕಡಿಮೆಯಾಗಿ ಆಫೀಸಿನ ಕೆಲಸ ಹೆಚ್ಚಾಯಿತು. ಪ್ರಬಂಧದ ಪ್ರತಿ ಕಳಿಸಿರಿ ಎಂದು ಬೇರೆ ಬೇರೆ ದೇಶಗಳಿಂದ ಕಾರ್ಡು ಬರತೊಡಗಿದವು. ಆಗ ಅದೇ ಪದ್ಧತಿ. ಓದಬೇಕೆನ್ನುವವರು ಬರೆದವರಿಗೆ ಕಾರ್ಡು ಹಾಕುತ್ತಿದ್ದರು, ಬರೆದವರು ಪ್ರತಿ ಕಳಿಸುತ್ತಿದ್ದರು. ನಾನು ಪ್ರತಿ ಕಾರ್ಡಿನ ವಿಳಾಸವನ್ನು ರಿಜಿಸ್ಟರಿಗೆ ಇಳಿಸಿ, ಪಾಕೀಟಿನ ಮೇಲೆ ಬರೆದು, ಪ್ರತಿ ಹಾಕಿ ಅಂಟಿಸಬೇಕು. ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ನೋಡಿ ಹಾಕುವ ಹಾಗೆ ನೋಡಿ ನೋಡಿ ಬರೆಯುತ್ತಿದ್ದೆ. ಸಾಹೇಬರು ಗ್ರಂಥಾಲಯದಿಂದ ಹೊಸ ಪತ್ರಿಕೆಗಳನ್ನು ತರಿಸಿ, ಬೇರೆಯವರ ಪ್ರಬಂಧಗಳ ಕೊನೆಯ ಪುಟದ ಆಧಾರಗಳ ಪಟ್ಟಿ ತೆರೆದು, ತಮ್ಮ ಹೆಸರು ಬಂದ ಕಡೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು.

"ಹಂಗ ಹೆಸರು ಬಂದಷ್ಟು ಸಾಹೇಬ್ರ ಕಿಮ್ಮತ್ತು ಏರತೈತಿ. ದೊಡ್ಡ ಹುದ್ದೆ ಬರೂದೈತಿ ಅವರಿಗೆ," ಎಂದು ಟೈಪಿಸ್ಟ್ ಹೇಳಿದ.

ಗೆರೆಗಳು ಹೆಚ್ಚುತ್ತ ಹೋದವು. ಸಾಹೇಬರೇ ಬೇಕೆಂದು ಹೀಗೆ ಬರೆದರೇನೋ ಎಂದು ಒಮ್ಮೆ, ನಾನೇ ಅಪರಾಧಿ ಎಂದು ಒಮ್ಮೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಬಸುರಿಯರಿಗೆ ಇಂಜೆಕ್ಷನ್ ಕೊಡುವ ಕೆಲಸವನ್ನು ಮೊದಲು ಬಾದಾಮಿ ಕಡೆ ಶುರು ಮಾಡುತ್ತಾರಂತೆ, ಹುನಗುಂದ ಕಡೆ ಅವಸರವಿಲ್ಲವಂತೆ.

ಆ ವಾರವೇ ತೆಂಗಿನ ಮರದ ಸ್ಟ್ಯಾಂಪಿನ ಕಾರ್ಡು ಬಂತು. ಟೈಪಿಸ್ಟ್ ಅದನ್ನು ಕುಣಿಯುತ್ತ ಓದಿದ.

"ಕೇಳ್ರಿ ಬಾಯಾರ! ಸಮುದ್ರದ ಆಚೆ ಒಬ್ಬ ಡಾಕ್ಟರು ಬರದಾನ. ಅವರ ಜಿಲ್ಲಾದಾಗ ಸೂಲಗಿತ್ತ್ಯಾರನ್ನೆಲ್ಲ ಕೂಡಿಸಿ, ಹೊಕ್ಕಳಕ್ಕ ಸುಟ್ಟ ಕೊಬ್ಬರಿ ಹಚ್ರಿ ಅಂತ ಕಲಸಾಕ ಹತ್ಯಾರಂತ. ಅಲ್ಲೆ ಕೊಬ್ಬರಿಗೇನ್ ಬರಾ ಇಲ್ಲ. ಇನ್ನೂ ಹತ್ತು ಪ್ರತಿ ಬೇಕಂತ."

ಅವನು ಚಹಾಕ್ಕೆ ಹೊರಗೆ ಹೋದಾಗ ನಾನು ಆ ಕಾರ್ಡನ್ನು ತೆಗೆದು ಕುಬಸದೊಳಗೆ ಸೇರಿಸಿದೆ. ಕಾರ್ಡು ಇಲ್ಲದಿದ್ದರೆ ಪ್ರತಿ ಹೋಗುವುದಿಲ್ಲ, ಪ್ರತಿ ಹೋಗದಿದ್ದರೆ ಅಲ್ಲಿ ನಿಲ್ಲುತ್ತದೆ ಎಂದು ನನ್ನ ಆಗಿನ ಬುದ್ಧಿ. ಮರುದಿನ ಹುಡುಕಾಟ ಶುರುವಾಯಿತು. ಟೈಪಿಸ್ಟ್ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ.

"ಸ್ಟ್ಯಾಂಪು ಚೆಂದ ಇತ್ತು ಬಿಡ್ರಿ. ಯಾರರ ಮನ್ಯಾಗಿನ ಮಕ್ಕಳಿಗೆ ಆಟಕ್ಕ ಆಗಿರಬೇಕು."

ಸಾಹೇಬರು ನನ್ನ ಚೀಲದ ಕಡೆ ಒಮ್ಮೆ ನೋಡಿದರು. ಅದು ನನಗೆ ಸಾಕಾಯಿತು.

ಭಾನುವಾರ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹುನಗುಂದದ ಬಸ್ಸು ಹತ್ತಿದೆ. ನನ್ನ ತವರೂರು ಆ ತಾಲೂಕಿನಲ್ಲೇ ಇತ್ತು. ಅದು ನಮ್ಮ ಅಭ್ಯಾಸದ ಪಟ್ಟಿಯಲ್ಲಿರಲಿಲ್ಲ, ಆದರೆ ಪಕ್ಕದ ಊರು ಇತ್ತು. ಎರಡೂ ಊರಿಗೆ ಒಬ್ಬಳೇ ಸೂಲಗಿತ್ತಿ. ಮುಸಲ್ಮಾನರ ಮುದುಕಿ, ಎಲ್ಲರೂ ಬೂಬವ್ವ ಎನ್ನುತ್ತಿದ್ದರು. ನಾನು ಪಕ್ಕದ ಊರಿನ "ಇಲ್ಲ" ಎಂದ ಮನೆಗಳ ಪಟ್ಟಿ ಬರೆದುಕೊಂಡು ಹೋಗಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ನನ್ನ ಕೈಯಲ್ಲಿ ಕಾಗದ ಕಂಡೊಡನೆ ಕುಟ್ಟುವುದು ನಿಂತಿತು.

"ಏನವಾ, ಕಾಗದಾ ಹಿಡಕೊಂಡ್ ಬಂದಿ? ಆಪರೇಶನ್ ಮಾಡಸಾಕೋ, ಪೊಲೀಸರ ಕೈಗೆ ಕೊಡಾಕೋ?"

"ಎರಡೂ ಅಲ್ಲ ಬೂಬವ್ವ. ಕೂಸಿನ ಮಾತು ಕೇಳಾಕ ಬಂದೇನಿ."

"ನಾ ಏನೂ ಮಾಡಿಲ್ಲ. ಅಲ್ಲಾ ಕೊಡ್ತಾನ, ಒಯ್ತಾನ. ನಡುವ ನನ್ನ ಹೆಸರು ಬರೀಬ್ಯಾಡ."

ಹೆಸರು ಬರೆಯುವುದಿಲ್ಲ ಎಂದು ಪೆನ್ನನ್ನು ಅವಳ ಕೈಗೇ ಕೊಟ್ಟೆ. ಆಮೇಲೆ ಅವಳು ಒಳಗಿಂದ ಒಂದು ಪೆಟ್ಟಿಗೆ ಎಳೆದು ತಂದಳು. ತುಂಬ ಗುಳೇದಗುಡ್ಡದ ಕುಬಸದ ಖಣಗಳು, ಒಂದನ್ನೂ ಹೊಲಿಸಿರಲಿಲ್ಲ. ನಮ್ಮಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ ಸೂಲಗಿತ್ತಿಗೆ ಖಣ ಕೊಡುತ್ತಿದ್ದರು. ತೊಟ್ಟಿಲ ದಿನದೊಳಗೆ ಕೂಸು ಹೋದರೆ ಖಣವಿಲ್ಲ. ಹಿತ್ತಿಲ ಬಾಗಿಲಲ್ಲಿ ಒಂದು ಮೊರ ಜೋಳ ಕೊಟ್ಟು, ಮಾತಿಲ್ಲದೆ ಕಳಿಸುವರು.

"ಖಣಾ ನೋಡಿದ್ರ ಕೂಸಿನ ಮಾರಿ ನೆನಪಾಕ್ಕೈತಿ. ಜ್ವಾಳ ತಿಂದ್ ಹೋತು, ಆದ್ರ ಮನಿ ಮರತಿಲ್ಲ. ಓದು ನಿನ್ನ ಪಟ್ಟಿ."

ನಾನು ಒಂದೊಂದೇ ಮನೆ ಓದಿದೆ. ಅಗಸಿ ಬಾಗಿಲ ಹತ್ತಿರದ ಮನೆ. "ಖಣಾ. ಗಂಡು ಕೂಸು." ಬಾವಿಯ ಎದುರಿನ ಮನೆ. "ಖಣಾ." ಗಾಣದ ಮನೆ. "ಜ್ವಾಳಾ." ಬೇವಿನ ತೊಪ್ಪಲು ಕಟ್ಟಿದ್ದ, ದನವಿಲ್ಲದ ಆ ಮನೆ. "ಜ್ವಾಳಾ. ನೀ ಹೋದಾಗ ಕೂಸು ಇತ್ತು. ನಾಕ ದಿನದ್ದು. ಆಮ್ಯಾಲ ಹೋತು." ಪಟ್ಟಿ ಮುಗಿಯುವ ಹೊತ್ತಿಗೆ ಅವಳ ಮಡಿಲಲ್ಲಿ ಖಣಗಳು ಒಂದು ಕಡೆ ಸೇರಿದ್ದವು. ಜೋಳದ ಮನೆಗಳಿಗೆ ಅವಳು ಅಡಿಕೆ ಚೂರು ಇಟ್ಟಿದ್ದಳು. ಚೂರುಗಳು ಕಡಿಮೆಯೇನೂ ಇರಲಿಲ್ಲ.

"ಆ ಕೂಸು ಮೊದಲ ಮೊಲಿ ಕುಡಿದಿದ್ವೇನು?"

"ಕುಡಿದಿದ್ವು. ಆಮ್ಯಾಲ ಬಿಟ್ಟು. ಹಲ್ಲಿಲ್ಲದ ಬಾಯಿ, ಬೆರಳ ಹಾಕಿದ್ರೂ ತೆರೀವಲ್ವು."

"ಬಳ್ಳಿಗೆ ಏನ್ ಹಚ್ಚಿದ್ದಿ?"

"ಕೊಬ್ಬರಿ. ಮತ್ತೇನ್?" ಅವಳು ತಲೆ ತಗ್ಗಿಸಿದಳು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ ಹೇಳಿದಳು. "ನಿಮ್ಮವ್ವನೂ ನನಗ ಜ್ವಾಳನ ಕೊಟ್ಟಿದ್ಲು. ಮರತಿಯೇನ?"

ಮರೆತಿರಲಿಲ್ಲ. ನಿಮ್ಮ ಅಪ್ಪನಿಗಿಂತ ಮೊದಲು ನನಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ತವರಿನಲ್ಲಿ ಹಡೆದಿದ್ದೆ. ಬೂಬವ್ವನೇ ಕುಡಗೋಲಿನಿಂದ ಬಳ್ಳಿ ಕೊಯ್ದು ಸುಟ್ಟ ಕೊಬ್ಬರಿ ಹಚ್ಚಿದ್ದಳು. ಎಂಟನೆಯ ದಿನ ಹೋಯಿತು. ಕೆಲಸಕ್ಕೆ ಸೇರಿದಾಗ ಫಾರ್ಮು ತುಂಬುವುದನ್ನು ಕಲಿಸಲು ಜೊತೆಗಾತಿ ನನ್ನನ್ನೇ ಕೂರಿಸಿ ಕೇಳಿದ್ದಳು, "ಅಕ್ಕಾರ, ಎಷ್ಟು ಹಡದೀರಿ?" ನಾನು ಎರಡು ಎಂದಿದ್ದೆ. ಅವಳು ಎರಡು ಎಂದು ಬರೆದುಕೊಂಡಳು. ನಾನೇ ಹೇಳದ್ದನ್ನು ಆ ಮನೆಗಳವರು ಕುಂಕುಮವಿಲ್ಲದ ಹಣೆಯ ಪರಕೀಯಳೊಬ್ಬಳಿಗೆ ಯಾಕೆ ಹೇಳಬೇಕಿತ್ತು?

ಸೋಮವಾರ ಬೆಳಿಗ್ಗೆ ಕಾರ್ಡನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಟೈಪಿಸ್ಟ್ "ನಾ ಹೇಳಿರಲಿಲ್ಲೇನ್ರಿ?" ಎಂದ. ಸಾಹೇಬರು ಅವನನ್ನು ಹೊರಗೆ ಕಳಿಸಿದರು.

"ನನ್ನ ಫಾರ್ಮು ಖರೆ ಇಲ್ರಿ," ಎಂದೆ.

ಅವರ ಮುಖ ಬಿಳಿಚಿತು. "ಅಂದರೆ? ಊರಿಗೆ ಹೋಗದೆ ಮರದ ಕೆಳಗೆ ಕೂತು ತುಂಬಿದಿರಾ?"

"ಹೋಗೇನ್ರಿ. ಪ್ರತಿ ಮನೀಗೆ ಹೋಗೇನಿ. ಅವರು ಹೇಳಿದ್ದನ್ನ ಬರದೇನಿ. ಅವರು ನನಗ ಹೇಳಿಲ್ರಿ."

"ಯಾಕೆ ಹೇಳೋದಿಲ್ಲ? ಕುಟುಂಬ ಯೋಜನೆಯವರು ಅಂತ ಹೆದರಿಕೆಯೇ? ಹಾಗಾದರೆ ಬಾದಾಮಿ ಕಡೆಯವರಿಗೂ ಹೆದರಿಕೆ ಇರಬೇಕಲ್ಲ. ಅಲ್ಲಿ ಹೇಗೆ ಹೇಳಿದರು?"

ಉತ್ತರ ನನ್ನ ಹಣೆಯ ಮೇಲೇ ಇತ್ತು. ಎರಡು ವರ್ಷ ಅದನ್ನು ದಿನವೂ ನೋಡಿದ ಅವರಿಗೆ ಅದು ಕಂಡಿರಲಿಲ್ಲ. ಅದು ಅವರ ಒಳ್ಳೆಯತನವೇ ಇರಬಹುದು. ನಾನು ನೆಲ ನೋಡುತ್ತ ಹೇಳಿದೆ.

"ಸಾಹೇಬ್ರ, ನಾ ಗಂಡನ್ನ ಕಳಕೊಂಡಾಕಿ. ಹಸಿ ಬಾಣಂತಿ ಇದ್ದ ಮನ್ಯಾಗ ನನ್ನನ್ನ ಒಳಗ ಬಿಡೂದಿಲ್ಲ. ಕೂಸು ಐತಿ ಅಂತ ನನ್ನ ಮುಂದ ಬಾಯಿ ಬಿಡೂದಿಲ್ಲ. ಆಕಿಗೆ ಉಡಿ ತುಂಬತಾರ, ಕೂಸು ತೋರಸ್ತಾರ. ಎರಡು ತಾಲೂಕಿಗೆ ಫರಕು ಕೊಬ್ಬರೀದಲ್ರಿ. ನಮ್ಮಿಬ್ಬರದು."

ಅವರು ನಂಬಲಿಲ್ಲ. ಒಬ್ಬ ಮುದುಕಿಯ ಖಣ, ಜೋಳದ ಮಾತಿನ ಮೇಲೆ ಅಚ್ಚಾದ ಪ್ರಬಂಧವನ್ನು ಅಲ್ಲಗಳೆಯಲಾಗದು ಎಂದರು. ಕಳ್ಳತನ ಮುಚ್ಚಲು ಕಥೆ ಕಟ್ಟುತ್ತಿದ್ದೇನೆ ಎಂದೂ ಅವರಿಗೆ ಅನ್ನಿಸಿರಬೇಕು. ಆಗ, ಎಲ್ಲಿಂದ ಧೈರ್ಯ ಬಂತೋ, ನಾನು ಒಂದು ಮಾತು ಹೇಳಿದೆ.

"ನಮ್ಮಿಬ್ಬರ ಊರು ಅದಲಾಬದಲಿ ಮಾಡ್ರಿ. ಆಕಿ ನನ್ನ ಊರಿಗೆ ಹೋಗ್ಲಿ, ನಾ ಆಕಿ ಊರಿಗೆ ಹೋಗ್ತೇನಿ. ಅದ ಫಾರ್ಮು, ಅದ ಪ್ರಶ್ನಿ. ಏನ್ ಬರ್ತದೋ ನೋಡ್ರಿ."

ಸಾಹೇಬರು ಎರಡು ತಾಲೂಕಿನ ಹಳೆಯ ಫಾರ್ಮುಗಳನ್ನು ತೆಗೆಸಿ ನೋಡಿದರು. ಆಮೇಲೆ ಒಪ್ಪಿದರು. ನಾವಿಬ್ಬರೂ ಮಾತಾಡಿಕೊಂಡು ಲೆಕ್ಕ ಹೊಂದಿಸದಿರಲಿ ಎಂದು ದಿನವೂ ಸಂಜೆ ಫಾರ್ಮುಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡು ಬೀಗ ಹಾಕುತ್ತಿದ್ದರು. ಒಂದೆರಡು ಸಲ ಹೇಳದೆ ಕೇಳದೆ ನಾವಿದ್ದ ಊರಿಗೇ ಜೀಪಿನಲ್ಲಿ ಬಂದು ಓಣಿಯ ತುದಿಯಲ್ಲಿ ನಿಂತರು.

ಹಾಗೆ ನಿಂತ ದಿನ ನಾನು ಮಹಾಕೂಟದ ಹತ್ತಿರದ ಊರೊಂದರಲ್ಲಿದ್ದೆ. ಜೊತೆಗಾತಿಯನ್ನು ಕರೆದು ಉಡಿ ತುಂಬಿದ್ದ ಮನೆಯೇ ಅದು. ನಂಬರು ಗೋಡೆಯ ಮೇಲೆ ಇನ್ನೂ ಕೆಂಪಗಿತ್ತು. ಒಳಗೆ ಹಸುಗೂಸು ಅಳುತ್ತಿತ್ತು.

"ಈ ವರ್ಷ ಯಾರರ ಹಡದಾರೇನ್ರಿ?"

"ಇಲ್ಲವಾ."

"ಕೂಸು ಅಳಾಕತ್ತೈತಲ್ರಿ?"

"ಬಾಜೂ ಮನೀದು," ಎಂದು ಆ ಹೆಂಗಸು ಬಾಗಿಲು ಅರ್ಧ ಮುಚ್ಚಿದಳು. ಬಾಜೂ ಮನೆಗೆ ಬೀಗ ಹಾಕಿತ್ತು. ತಿರುಗಿ ನೋಡಿದರೆ ಜೀಪಿನ ಪಕ್ಕ ಸಾಹೇಬರು ನಿಂತಿದ್ದರು. ಅಳು ಅವರಿಗೂ ಕೇಳಿಸಿತ್ತು. ಅವರು ನೋಡುತ್ತಿರುವಂತೆಯೇ ನಾನು "ಇಲ್ಲ" ಎಂದು ಬರೆದೆ.

ತಿಂಗಳಾದ ಮೇಲೆ ಎರಡು ಕಟ್ಟು ಫಾರ್ಮು ಮೇಜಿನ ಮೇಲೆ ಬಂದವು. ಈ ಸಲ ಕೂಸು ಸಾಯದ ತಾಲೂಕು ಬಾದಾಮಿ. ಹುನಗುಂದದ ಫಾರ್ಮುಗಳಲ್ಲಿ ಕೂಸು ಹುಟ್ಟಿದ್ದವು, ಮೊಲೆ ಕುಡಿದಿದ್ದವು, ಬಿಟ್ಟಿದ್ದವು. ಬಳ್ಳಿಗೆ ಹಚ್ಚಿದ್ದು ಸುಟ್ಟ ಕೊಬ್ಬರಿಯೇ. ಜೊತೆಗಾತಿ ನನ್ನ ಪಕ್ಕ ಬಂದು ನಿಂತಳು. ಅವಳ ಹಣೆಯಲ್ಲಿ ನನ್ನ ಊರಿನವರು ಹಚ್ಚಿದ ಕುಂಕುಮವಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಲು ಹೋದಳು. ನಾನು ಕೈ ಹಿಡಿದೆ.

"ನನಗೆ ಮೊದಲೇ ಯಾಕೆ ಹೇಳಲಿಲ್ಲ?" ಎಂದರು ಸಾಹೇಬರು.

"ಊಹಾ ಬರೀಬ್ಯಾಡ್ರಿ ಅಂದಿದ್ರಿ," ಎಂದೆ.

ಅವರು ಎರಡೂ ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ತಮ್ಮೂರಿಗೆ ರಜೆ ಹೋದರು. ವಾರ ಕಳೆಯಿತು, ಎರಡು ವಾರವಾಯಿತು. ಟೈಪಿಸ್ಟ್ ಹೇಳಿದ, "ಹೆಸರು ಬಂದೈತಿ, ಹುದ್ದೆ ಬರೂದೈತಿ. ಆ ಕಟ್ಟು ಯಾವ ಕಾಲಕ್ಕೂ ಹೊರಗ ಬರೂದಿಲ್ಲ ನೋಡ್ರಿ. ನೀವೂ ಸುಮ್ಮಕ ಇರ್ರಿ, ಇಬ್ಬರು ಮಕ್ಕಳ ತಾಯಿ ಅದೀರಿ." ಅವನು ಕೆಟ್ಟವನಲ್ಲ. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ.

ಆದರೆ ನಾನು ಈ ದಿನ ಬರುತ್ತದೆಂದು ಮೊದಲೇ ಶಂಕಿಸಿದ್ದೆ. ನನ್ನ ಫಾರ್ಮುಗಳನ್ನು ದಿನವೂ ಒಪ್ಪಿಸುವ ಮೊದಲು ನಿಮ್ಮ ಅಪ್ಪನ ಸಾಲಿಯ ನೋಟುಪುಸ್ತಕದಲ್ಲಿ ನಕಲು ಮಾಡಿಟ್ಟಿದ್ದೆ. ಜೊತೆಗಾತಿಯದನ್ನೂ ಅವಳಿಂದ ಬಸ್ ಸ್ಟ್ಯಾಂಡಿನಲ್ಲೇ ಇಸಿದುಕೊಂಡು, ಒಬ್ಬರ ಫಾರ್ಮನ್ನು ಇನ್ನೊಬ್ಬರು ನೋಡಬಾರದೆಂಬ ನಿಯಮ ಮುರಿದು, ಬರೆದುಕೊಂಡಿದ್ದೆ. ಸಾಹೇಬರು ತಿರುಗಿ ಬಂದ ದಿನ ನೋಟುಪುಸ್ತಕಗಳನ್ನು ಅವರ ಮುಂದಿಟ್ಟೆ. ನಿಯಮ ಮುರಿದದ್ದನ್ನೂ ಹೇಳಿದೆ.

"ಇವು ಯಾಕೆ?"

"ನಿಮ್ಮ ಮ್ಯಾಲ ಸಂಶಯ ಬಂತ್ರಿ."

ಕೆಲಸ ಹೋಯಿತೆಂದೇ ಅಂದುಕೊಂಡೆ. ಸಾಹೇಬರು ನೋಟುಪುಸ್ತಕದ ಮೇಲಿದ್ದ ನಿಮ್ಮ ಅಪ್ಪನ ಹೆಸರು, ತರಗತಿ ಓದಿದರು. ನಂತರ ತಮ್ಮ ಚೀಲದಿಂದ ನಾಲ್ಕು ಹಾಳೆ ತೆಗೆದು ತೋರಿಸಿದರು. ಪತ್ರಿಕೆಗೆ ಕಳಿಸುವ ತಿದ್ದುಪಡಿ, ರಜೆಯಲ್ಲಿ ತಾವೇ ಬರೆದದ್ದು, ಗೀಟು ಹೊಡೆದು ಮತ್ತೆ ಮತ್ತೆ ಬರೆದದ್ದು.

"ನನಗೂ ನನ್ನ ಮೇಲೆ ಸಂಶಯ ಬಂದಿತ್ತು," ಎಂದರು. "ಬರೆದಿದ್ದೀನಿ, ಆದರೆ ಅಂಚೆಗೆ ಹಾಕ್ತೀನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಇವನ್ನು ನೀವೇ ಹಾಕಿಬಿಡಿ." ನಾನು ಅವರೆದುರೇ ಪಾಕೀಟು ಅಂಟಿಸಿದೆ.

ತಿದ್ದುಪಡಿ ಅಚ್ಚಾಗಲು ಬಹಳ ತಿಂಗಳು ಬೇಕಾದವು. ಬಂದಾಗ ಅರ್ಧ ಪುಟ. ಪತ್ರಿಕೆಯ ಹಿಂಭಾಗದಲ್ಲಿ, ಸಣ್ಣ ಅಕ್ಷರದಲ್ಲಿ. ಪೇಡೆ ಇರಲಿಲ್ಲ. ಅದರ ಪ್ರತಿ ಕೇಳಿ ಕಾರ್ಡುಗಳೂ ಬರಲಿಲ್ಲ. ಹಳೆಯ ಪ್ರಬಂಧಕ್ಕೆ ಮಾತ್ರ ಬರುತ್ತಲೇ ಇದ್ದವು. ನಾನು ಸಾಹೇಬರನ್ನು ಕೇಳಿದೆ, "ರಿಜಿಸ್ಟರ್ ನನ್ನ ಹತ್ರ ಐತ್ರಿ. ಹಳೇದು ಯಾರ್ಯಾರಿಗೆ ಕಳಿಸೇವಿ ಎಲ್ಲಾ ವಿಳಾಸ ಅದಾವ. ಅವರು ಕೇಳದಿದ್ರೂ ಇದನ್ನ ಕಳಿಸ್ಲೇನ್ರಿ?" ಅವರು "ಕಳಿಸಿ" ಎಂದರು. ರಿಜಿಸ್ಟರಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪಾಕೀಟು ಬರೆದೆ. ಟೈಪಿಸ್ಟ್ ತಾನಾಗಿಯೇ ಬಂದು ಅಂಟು ಹಚ್ಚಲು ಕೂತ.

ಆ ವರ್ಷ ಸಾಹೇಬರಿಗೆ ದೊಡ್ಡ ಹುದ್ದೆ ಬರಲಿಲ್ಲ. ಇದೇ ಕಾರಣವೋ ಏನೋ, ನನಗೆ ತಿಳಿಯದು. ಅವರು ಪತ್ರಿಕೆಗಳ ಕೊನೆಯ ಪುಟ ನೋಡುವುದನ್ನು ಬಿಡಲಿಲ್ಲ, ಆದರೆ ಪೆನ್ಸಿಲು ಬದಲಾಯಿತು. ತಿದ್ದುಪಡಿಯ ಹೆಸರಿಲ್ಲದೆ ಹಳೆಯ ಪ್ರಬಂಧವನ್ನಷ್ಟೇ ಹೇಳಿದವರಿಗೆ ನೀಲಿ ಗೆರೆ. ನಾನು ಕೆಲಸ ಬಿಡುವವರೆಗೂ ನೀಲಿ ಗೆರೆಗಳೇ ಹೆಚ್ಚಿದ್ದವು.

ಹುನಗುಂದ ಕಡೆಗೂ ಇಂಜೆಕ್ಷನ್ ಬಂತು. ಸೂಲಗಿತ್ತಿಯರಿಗೆ ಬ್ಲೇಡು, ಕುದಿಸಿದ ದಾರ ಕೊಟ್ಟರು. ಬೂಬವ್ವ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿ "ಇದು ಗಂಡಸ್ರ ಗಡ್ಡ ಹೆರ್ಯೂದಲ್ಲೇನ?" ಎಂದಳು. ಆದರೂ ಬಳಸಿದಳು. ಮುಂದೊಮ್ಮೆ ನಾನು ಹೋದಾಗ, ಪೆಟ್ಟಿಗೆಯಲ್ಲಿ ಖಣ ಹಿಡಿಸುವುದಿಲ್ಲವೆಂದು ಗೊಣಗುತ್ತಿದ್ದಳು.

ಇನ್ನು ಆ ಕಾರ್ಡು. ತೆಂಗಿನ ಮರದ ಸ್ಟ್ಯಾಂಪಿನ ವಿಳಾಸಕ್ಕೆ ನಾನು ಎಲ್ಲರಿಗಿಂತ ಮೊದಲು ತಿದ್ದುಪಡಿ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ. ಮೂರನೆಯ ಸಲ ಸಾಹೇಬರಿಂದ ಕೈಬರಹದ ಪತ್ರ ಬರೆಸಿ ಕಳಿಸಿದೆ. ಉಳಿದ ಕೆಲವರು ಮುಟ್ಟಿತೆಂದು ಬರೆದರು, ಆ ಊರಿನಿಂದ ಒಂದಕ್ಷರ ಬರಲಿಲ್ಲ. ಅಲ್ಲಿ ಸೂಲಗಿತ್ತಿಯರಿಗೆ ಕಲಿಸಿದ್ದನ್ನು ಯಾರಾದರೂ ಬಿಡಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆಫೀಸು ಮುಚ್ಚುವಾಗ ಸಾಹೇಬರು ಕಡತದಿಂದ ಆ ಕಾರ್ಡು ತೆಗೆದು ನನ್ನ ಕೈಗಿಟ್ಟರು. ಈ ಸಲ ಕದ್ದದ್ದಲ್ಲ.

ನಿಮಗೆ ಇಂಗ್ಲಿಷು ಬರುತ್ತದೆ, ಯಾವ ದೇಶಕ್ಕಾದರೂ ಕ್ಷಣದಲ್ಲಿ ಬರೆಯುತ್ತೀರಿ. ಆ ವಿಳಾಸದಲ್ಲಿ ಈಗ ಯಾರಿದ್ದಾರೋ ಹುಡುಕಿರಿ. ನಮ್ಮ ಮನೆಯ ಒಂದು ಕೂಸಿಗೆ ಹಚ್ಚಿದ್ದೆವು, ಉಳಿಯಲಿಲ್ಲ, ನೀವು ಹಚ್ಚಬೇಡಿ ಎಂದು ಬರೆಯಿರಿ. ಉತ್ತರ ಬಂದರೆ ನನಗೆ ಓದಿ ಹೇಳಿರಿ.